ಹರಿದ ದಾರದ ತುದಿ ಏನು ಹೇಳುತ್ತದೆ?

‘ಗಾಳದ ತುದಿ’ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಸ್ ಮೀನಿನ ಕುರಿತೇ ಇವೆ. ಕಚೇರಿಯ ಬಾಸ್ ಅಲ್ಲ, ಸಿಹಿನೀರಿನ ಬಾಸ್. ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ ಕಾಗುಣಿತ, ಸಿಟ್ಟೂ ಹೆಚ್ಚುಕಡಿಮೆ ಒಂದೇ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ಗಡಿಯಾರ ರಿಪೇರಿ ಮಾಡಿ ಬದುಕಿದವನು. ನನ್ನ ಬಳಿ ದೋಣಿ ಇಲ್ಲ. 26 ವರ್ಷಗಳಿಂದ ದಡದಲ್ಲಿ ನಿಂತೇ ಗಾಳ ಹಾಕುತ್ತಿದ್ದೇನೆ. ಮೀನು ತಪ್ಪಿಸಿಕೊಂಡಾಗಲೆಲ್ಲ ಕೈಯಲ್ಲಿ ಉಳಿದ ದಾರದ ತುದಿಯನ್ನು ಒಂದು ಡಬ್ಬಿಯಲ್ಲಿ ಇಡುವ ಅಭ್ಯಾಸ ನನಗಿದೆ. ಆ ಡಬ್ಬಿ ಕಲಿಸಿದಷ್ಟನ್ನು ಹಿಡಿದ ಮೀನುಗಳು ಕಲಿಸಿಲ್ಲ.

ಪ್ರಶ್ನೆ: ಒಂದೇ ತಿಂಗಳಲ್ಲಿ ಮೂರು ಲಾರ್ಜ್‌ಮೌತ್ ಬಾಸ್ ದಾರ ಹರಿದುಕೊಂಡು ಹೋದವು. ಯಾವುದೂ ಎರಡು ಕಿಲೋ ದಾಟಿರಲಾರದು. ನನ್ನದು 12 ಪೌಂಡಿನ ನೈಲಾನ್ ದಾರ. 20 ಪೌಂಡಿನ ದಾರ, ಭಾರಿ ಕೋಲು, ದೊಡ್ಡ ರೀಲ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನೀವು ಹಿಂದೊಮ್ಮೆ ಕೇಳಿದ್ದರಿಂದ ಹರಿದ ತುದಿಗಳನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ.
— ಮೂರು ಮೀನು ಕಳೆದುಕೊಂಡವನು

ಉತ್ತರ: ಲಕೋಟೆ ಕಳುಹಿಸಿ ಒಳ್ಳೆಯದು ಮಾಡಿದಿರಿ. ಮೂರೂ ತುದಿಗಳನ್ನು ಗಡಿಯಾರದ ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ.

ಮೊದಲನೆಯದು ಸೋರೆಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿದೆ. ಅಂದರೆ ದಾರ ಹರಿದೇ ಇಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. 50 ಪೌಂಡಿನ ದಾರ ಹಾಕಿದ್ದರೂ ಆ ಮೀನು ಹೋಗುತ್ತಿತ್ತು. ಎರಡನೆಯದರ ತುದಿ ಒರಟಾಗಿದೆ. ಅಲ್ಲಿಂದ ಒಂದು ಗೇಣು ಮೇಲಿನವರೆಗೂ ಗೀರುಗಳಿವೆ, ಬಿಳಿಚಿಕೊಂಡ ಕಲೆಗಳಿವೆ. ಅದು ಕಲ್ಲಿಗೋ ಮುಳುಗಿದ ಕೊಂಬೆಗೋ ಉಜ್ಜಿದ ದಾರ, ಬಹುಶಃ ಆ ಮೀನು ಕಚ್ಚುವ ಮೊದಲೇ ದಾರ ಅರ್ಧ ಸತ್ತಿತ್ತು. ಮೂರನೆಯದು ಮಾತ್ರ ನಿಜವಾಗಿ ಎಳೆತಕ್ಕೆ ಸೋತದ್ದು. ತುದಿ ಹಿಗ್ಗಿ ಸಣ್ಣಗಾಗಿದೆ, ಗೀರಿಲ್ಲ, ಸುರುಳಿಯಿಲ್ಲ. ದಪ್ಪ ದಾರದ ಸಲಹೆ ಮೂರರಲ್ಲಿ ಇದೊಂದಕ್ಕೆ ಹೊಂದಬಹುದಿತ್ತು. ಇದಕ್ಕೂ ನಾನು ಒಪ್ಪುವುದಿಲ್ಲ.

12 ಪೌಂಡ್ ಎಂದರೆ 5.4 ಕಿಲೋ ಎಳೆತ. ಎರಡು ಕಿಲೋ ಮೀನು ಅದನ್ನು ಹೇಗೆ ಹರಿಯಿತು? ಮೀನು ತೂಗುವುದಿಲ್ಲ, ಜಗ್ಗುತ್ತದೆ. ದಡದ ಹತ್ತಿರ ಬಂದಾಗ ನೀರಿಗಿಳಿದ ದಾರ ಚಿಕ್ಕದಾಗಿರುತ್ತದೆ, ಹಿಗ್ಗಲು ಉದ್ದವೇ ಇರುವುದಿಲ್ಲ. ಅಷ್ಟರಲ್ಲಿ ನಿಮ್ಮ ಕಾಲನ್ನು ಕಂಡ ಮೀನು ಸರಕ್ಕನೆ ತಿರುಗುತ್ತದೆ. ಆ ಒಂದು ಕ್ಷಣದಲ್ಲಿ ರೀಲು ದಾರ ಬಿಟ್ಟುಕೊಡಬೇಕು. ಹಾಗೆ ಬಿಗಿ ಹಿಡಿದುಕೊಂಡೇ ಬಿಟ್ಟುಕೊಡುವ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಮೀನು ಓಡೀತೆಂಬ ಹೆದರಿಕೆಗೆ ನೀವು ಅದನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿದ್ದೀರಿ ಎಂದು ನನ್ನ ಊಹೆ.

ಒಂದು ಕೊಕ್ಕೆ ತಕ್ಕಡಿಗೆ ದಾರದ ತುದಿ ಕಟ್ಟಿ, ಕೋಲನ್ನು ಮೀನು ಆಡಿಸುವ ಹಾಗೆಯೇ ಬಾಗಿಸಿ ಎಳೆಯಿರಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲು ಜಾರಬೇಕು. ನಿಮ್ಮ ದಾರಕ್ಕೆ ಅದು ಸುಮಾರು 1.4ರಿಂದ 1.8 ಕಿಲೋ. ಇಷ್ಟು ಕಡಿಮೆಯೇ ಎಂದು ಅನ್ನಿಸುತ್ತದೆ. ಒಂದೂವರೆ ಕಿಲೋ ಜಾರುವಂತೆ ಇಟ್ಟು, ಇನ್ನೊಬ್ಬರ ಕೈಗೆ ದಾರ ಕೊಟ್ಟು ಎಳೆಸಿ ನೋಡಿ, ಅನುಮಾನ ಹೋಗುತ್ತದೆ. ಇನ್ನೊಂದು ಮಾತು: ಮೀನು ಓಡಿ ಸುರುಳಿಯಲ್ಲಿನ ದಾರ ಕಡಿಮೆಯಾದಷ್ಟೂ ಸುತ್ತಿನ ಅಗಲ ಕಿರಿದಾಗುತ್ತದೆ, ಅದೇ ಡ್ರ್ಯಾಗ್ ಇನ್ನಷ್ಟು ಬಿಗಿಯಾಗಿ ಎಳೆಯುತ್ತದೆ. ಅಗಲ ಅರ್ಧವಾದರೆ ಎಳೆತ ಎರಡರಷ್ಟು. ಆದ್ದರಿಂದ ಮೀನು ದೂರ ಓಡಿದಾಗ ಡ್ರ್ಯಾಗನ್ನು ಇನ್ನೂ ಬಿಗಿ ಮಾಡುವುದು ದಾರಕ್ಕೆ ನೀವೇ ಕತ್ತರಿ ಹಾಕಿದಂತೆ.

ಗಂಟಿನ ವಿಚಾರಕ್ಕೆ ನನ್ನ ಡಬ್ಬಿಯ ಮೊದಲ ತುದಿ ಸಾಕ್ಷಿ. ಗಾಳ ಹಿಡಿದ ಮೂರನೇ ವರ್ಷ, ನಸುಕಿನಲ್ಲಿ, ನಾನು ಅದುವರೆಗೆ ಕಂಡ ಎಲ್ಲಕ್ಕಿಂತ ದೊಡ್ಡ ಬಾಸ್ ಬಿದ್ದಿತು. ಮೂರು ಸಲ ನೀರಿನಿಂದ ಮೇಲೆದ್ದು ತಲೆ ಕೊಡವಿತು. ಮೂರನೆಯ ಸಲಕ್ಕೆ ಕೋಲು ನೆಟ್ಟಗಾಯಿತು. ದಾರ ಗಂಟಿನ ಬಳಿಯೇ ಹೋಗಿತ್ತು. ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ, ಒಣ ದಾರದಲ್ಲೇ, ಬಿರಬಿರನೆ ಎಳೆದು ಕಟ್ಟಿದ ಗಂಟು ಅದು. ಒಣ ನೈಲಾನ್ ತನಗೆ ತಾನೇ ಉಜ್ಜಿಕೊಂಡಾಗ ಆಗುವ ಬಿಸಿ ದಾರವನ್ನು ಅಲ್ಲೇ ದುರ್ಬಲಗೊಳಿಸುತ್ತದೆ. ದಿನವಿಡೀ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಕೂರಿಸುವ ಕೈಗೆ ಒಂದು ಗಂಟು ನಿಧಾನವಾಗಿ ಕಟ್ಟಲು ತಾಳ್ಮೆ ಇರಲಿಲ್ಲವಲ್ಲ ಎಂದು ಮನೆಯವರು ಈಗಲೂ ಹಂಗಿಸುತ್ತಾರೆ.

ಪಾಲೋಮರ್ ಗಂಟು ಕಲಿಯಿರಿ. ದಾರವನ್ನು ಎರಡು ಮಡಿಕೆ ಮಾಡಿ ಗಾಳದ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಇಡೀ ಗಾಳವನ್ನು ದಾಟಿಸಿ, ಬಾಯಲ್ಲಿಟ್ಟು ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಎಂಜಲು ಎಂದು ಮುಖ ಸಿಂಡರಿಸುವವರು ನೀರಿನಲ್ಲಿ ಅದ್ದಿಕೊಳ್ಳಲಿ. ಬಿಗಿದ ಮೇಲೆ ಗಾಳವನ್ನು ಒಂದು ಗಟ್ಟಿ ವಸ್ತುವಿಗೆ ಸಿಕ್ಕಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಜೋರಾಗಿ ಎಳೆಯಿರಿ. ಹರಿಯುವುದಿದ್ದರೆ ಅಲ್ಲೇ ಹರಿಯಲಿ. ಇನ್ನು ಗೀರಿನ ಕಥೆಗೆ ಮದ್ದು ಬೆರಳ ತುದಿಯಲ್ಲೇ ಇದೆ: ಪ್ರತಿ ಮೀನಿನ ಬಳಿಕ, ಪ್ರತಿ ಸಲ ಗಾಳ ಕಲ್ಲಿಗೆ ಸಿಕ್ಕಿ ಬಿಡಿಸಿಕೊಂಡ ಬಳಿಕ ಕೊನೆಯ ಎರಡು ಅಡಿ ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಒರಟು ತಾಗಿದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಎರಡು ಅಡಿ ದಾರಕ್ಕೆ ಜಿಪುಣತನ ಮಾಡಿ ಮೀನು ಕಳೆದುಕೊಂಡವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಹಾಗಾದರೆ ಭಾರಿ ಸಲಕರಣೆ ಬೇಡವೇ ಬೇಡವೇ? ಬೇಕು. ಆದರೆ ಮೀನಿನ ತೂಕ ನೋಡಿ ಅಲ್ಲ, ಗಾಳ ಬಿದ್ದ ಮೇಲೆ ಅದು ಎಲ್ಲಿಗೆ ಓಡುತ್ತದೆ ಎಂದು ನೋಡಿ ಆರಿಸಬೇಕು. ಬಯಲು ನೀರಿನಲ್ಲಿ ಎರಡು ಕಿಲೋ ಬಾಸನ್ನು 8 ಪೌಂಡಿನ ದಾರದಲ್ಲಿ ಆಡಿಸಿ ತರಬಹುದು, ಓಡಲಿ ಬಿಡಿ, ಓಡಿ ಎಲ್ಲಿಗೆ ಹೋಗುತ್ತದೆ? ಅದೇ ಮೀನು ತಾವರೆ ಎಲೆಗಳ ಕೆಳಗೋ ಜೊಂಡಿನ ಬುಡಕ್ಕೋ ನುಗ್ಗುವ ಜಾಗದಲ್ಲಿ ಮೊದಲ ಎರಡು ಸೆಕೆಂಡಿನಲ್ಲೇ ಅದರ ತಲೆ ತಿರುಗಿಸಬೇಕು. ಅಲ್ಲಿ 50 ಪೌಂಡಿನ ಹೆಣೆದ ದಾರ, ಏಳು ಅಡಿಯ ಗಟ್ಟಿ ಕೋಲು, ದಪ್ಪ ಕಂಬಿಯ ಗಾಳ, ಬಿಗಿ ಡ್ರ್ಯಾಗ್ ಎಲ್ಲವೂ ಒಟ್ಟಿಗೆ ಬೇಕು. ಒಂದನ್ನು ಮಾತ್ರ ಬದಲಿಸಿದರೆ ಉಳಿದದ್ದರಲ್ಲಿ ಬಡಪಾಯಿ ಯಾವುದೋ ಅದು ಮುರಿಯುತ್ತದೆ. ದಪ್ಪ ದಾರ ಹಾಕಿದವರ ತೆಳು ಗಾಳ ನೆಟ್ಟಗಾಗಿ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಒಂದೇ ಕೋಲು ಇಟ್ಟುಕೊಳ್ಳುವವರಾದರೆ ಏಳು ಅಡಿಯ, ‘ಮೀಡಿಯಂ ಹೆವಿ’ ಬಲದ, ‘ಫಾಸ್ಟ್’ ಬಾಗಿನ ಕೋಲು ತೆಗೆದುಕೊಳ್ಳಿ. ಬಲ ಎಂದರೆ ಬಾಗಿಸಲು ಎಷ್ಟು ಕಷ್ಟ ಎಂಬುದು, ಬಾಗು ಎಂದರೆ ಎಲ್ಲಿಂದ ಬಾಗುತ್ತದೆ ಎಂಬುದು. ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರೇ ಹೆಚ್ಚು. ಫಾಸ್ಟ್ ಕೋಲು ತುದಿಯಲ್ಲಿ ಮಾತ್ರ ಬಾಗುವುದರಿಂದ ದಪ್ಪನೆಯ ಒಂಟಿ ಗಾಳವನ್ನು ಬಾಯಿಗೆ ನಾಟಿಸಲು ಒಳ್ಳೆಯದು. ಮೂರು ಕೊಕ್ಕೆಯ ಗಾಳವಿರುವ ಮರದ ಅಥವಾ ಪ್ಲಾಸ್ಟಿಕ್ ಮೀನಿನ ಬೊಂಬೆಗೆ ಮಾತ್ರ ನಡುವಿನವರೆಗೂ ಬಾಗುವ ಮೆದು ಕೋಲೇ ಮೇಲು. ಆ ಸಣ್ಣ ಕೊಕ್ಕೆಗಳನ್ನು ಗಟ್ಟಿ ಕೋಲು ಹರಿದು ಹೊರಗೆಳೆಯುತ್ತದೆ.

ಪ್ರಶ್ನೆ: ಕೃತಕ ಎರೆಗೆ ಯಾವ ಬಣ್ಣ ಒಳ್ಳೆಯದು?
— ಬಣ್ಣ ಕಂಡು ಬೆರಗಾದವಳು

ಉತ್ತರ: ತಿಳಿನೀರಿಗೆ ಹಸಿರು, ಕಂದು. ಕಲಕಿದ ನೀರಿಗೆ ಕಪ್ಪು ಅಥವಾ ಕಪ್ಪು-ನೀಲಿ. ಉಳಿದ ಬಣ್ಣಗಳಲ್ಲಿ ಬಹುಪಾಲು ನಮ್ಮನ್ನು ಹಿಡಿಯಲು ಮಾಡಿದವು.

ಪ್ರಶ್ನೆ: ಎಲ್ಲದಕ್ಕೂ ಹೆಣೆದ ದಾರವೇ ಸಾಕು ಎಂದು ನೀವೇ ಹಿಂದೆ ಬರೆದಿದ್ದಿರಿ. ನಂಬಿ 30 ಪೌಂಡಿನದು ಸುತ್ತಿಸಿದೆ. ಬಂಡೆಗಲ್ಲಿನ ದಡದಲ್ಲಿ ಮೊದಲ ಸ್ಮಾಲ್‌ಮೌತ್ ಬಾಸ್ ಬಿದ್ದ ಕೂಡಲೇ ಚಾಕು ತಾಗಿದಂತೆ ಹೋಯಿತು. ಹಾಗೆ ಬರೆದದ್ದು ಸರಿಯೇ?
— ನಂಬಿ ಕೆಟ್ಟವನು

ಉತ್ತರ: ಸರಿಯಲ್ಲ. ಆ ತಿಂಗಳು ನಾನು ಜೊಂಡಿನ ನಡುವೆಯೇ ಗಾಳ ಹಾಕುತ್ತಿದ್ದೆ. ಅದರ ಗುಂಗಿನಲ್ಲಿ ಲೋಕವೆಲ್ಲ ಜೊಂಡು ಎಂಬಂತೆ ಬರೆದುಬಿಟ್ಟೆ. ಕ್ಷಮಿಸಿ.

30 ಪೌಂಡಿನ ಹೆಣೆದ ದಾರ ದಪ್ಪದಲ್ಲಿ ಸುಮಾರು 8 ಪೌಂಡಿನ ನೈಲಾನ್‌ನಷ್ಟೇ ಇರುತ್ತದೆ. ನೂರಾರು ಸೂಕ್ಷ್ಮ ಎಳೆಗಳನ್ನು ಹೆಣೆದು ಮಾಡಿದ್ದು. ನೇರ ಎಳೆತಕ್ಕೆ ರಾಕ್ಷಸ ಬಲ, ಹಸಿರು ಗಿಡದ ದಂಟನ್ನು ಗರಗಸದಂತೆ ಕೊಯ್ಯುತ್ತದೆ. ಆದರೆ ಬಿಗಿದು ನಿಂತಾಗ ಕಲ್ಲಿನ ಅಂಚು ತಾಗಿದರೆ ಎಳೆಗಳು ಪಟಪಟನೆ ಹೋಗುತ್ತವೆ. ಹಿಗ್ಗುವ ಗುಣವೂ ಇಲ್ಲದ್ದರಿಂದ ಹೊಡೆತವೆಲ್ಲ ಗಂಟಿಗೆ, ಮೀನಿನ ತುಟಿಗೆ, ನಿಮ್ಮ ಮೊಣಕೈಗೆ.

ಕೆಲವರು ತಂಗೂಸು ಎನ್ನುವ ನೈಲಾನ್ ದಾರ ಚೆನ್ನಾಗಿ ಹಿಗ್ಗುತ್ತದೆ. ಹೊಸಬರ ತಪ್ಪನ್ನು ಕ್ಷಮಿಸುವ ದಾರ ಅದು. ನೀರು ಹೀರುತ್ತದೆ, ಬಿಸಿಲಿಗೆ ಸೊರಗುತ್ತದೆ, ಹಾಗಾಗಿ ಆಗಾಗ ಬದಲಿಸಬೇಕು. ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ದಾರ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರ, ಹಾಗಾಗಿ ಬೇಗ ಮುಳುಗುತ್ತದೆ. ಬೆಳಕನ್ನು ಬಗ್ಗಿಸುವುದರಲ್ಲಿ ನೀರಿನ ಸೂಚ್ಯಂಕ 1.33, ಅದರದ್ದು 1.42, ನೈಲಾನ್‌ನದ್ದು 1.5ಕ್ಕೂ ಹೆಚ್ಚು. ಆದ್ದರಿಂದಲೇ ತಿಳಿನೀರಿನಲ್ಲಿ ನೈಲಾನ್‌ಗಿಂತ ಕಡಿಮೆ ಕಾಣುತ್ತದೆ. ಉಜ್ಜಾಟವನ್ನೂ ತಾಳಿಕೊಳ್ಳುತ್ತದೆ, ಆದರೆ ಬಿರುಸು, ಗಂಟನ್ನು ಒದ್ದೆ ಮಾಡದೆ ಕಟ್ಟಿದರೆ ಕ್ಷಮೆಯೇ ಇಲ್ಲ.

ನಿಮ್ಮ ಬಂಡೆಗಲ್ಲಿನ ದಡಕ್ಕೆ ಹೆಣೆದ ದಾರವನ್ನು ತೆಗೆಯಬೇಡಿ. ಅದರ ಮುಂದೆ ಒಂದು ಮೀಟರಿನಿಂದ ಎರಡು ಮೀಟರಿನಷ್ಟು 10 ಅಥವಾ 12 ಪೌಂಡಿನ ಫ್ಲೋರೋಕಾರ್ಬನ್ ಜೋಡಿಸಿ. ಜೋಡಿಸಲು ಎರಡು ಯೂನಿ ಗಂಟುಗಳನ್ನು (ದಾರದ ಸುತ್ತಲೇ ಹಲವು ಸುತ್ತು ಹಾಕಿ ಕುಣಿಕೆಯೊಳಗೆ ಬಿಗಿಯುವ ಗಂಟು) ಎದುರುಬದುರು ಕಟ್ಟಿ ಎಳೆದುಕೊಂಡರೆ ಸಾಕು, ಹೆಣೆದ ದಾರದ ಕಡೆ ಎರಡು ಸುತ್ತು ಹೆಚ್ಚು ಹಾಕಿ. ನುಣುಪಾದ ಹೆಣೆದ ದಾರವನ್ನು ನೇರವಾಗಿ ಬೋಳು ರೀಲಿಗೆ ಸುತ್ತಿದರೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ. ಡ್ರ್ಯಾಗ್ ಕೆಟ್ಟಿದೆ ಎಂದು ರೀಲು ಬಿಚ್ಚಿ ಕೂತವರಿದ್ದಾರೆ. ಅಡಿಯಲ್ಲಿ ಹತ್ತು ಸುತ್ತು ನೈಲಾನ್ ಹಾಕಿ ಅದರ ಮೇಲೆ ಸುತ್ತಿ. ತಾವರೆ ಎಲೆಗಳ ಮೇಲೆ ರಬ್ಬರ್ ಕಪ್ಪೆ ಆಡಿಸುವಾಗ ಮಾತ್ರ ಮುಂದಿನ ತುಂಡೂ ಬೇಡ, ನೇರ ಹೆಣೆದ ದಾರವೇ ಇರಲಿ.

ಪ್ರಶ್ನೆ: ದೋಣಿಯವರು ನನ್ನ ಕಣ್ಣೆದುರೇ ಮೀನು ಎತ್ತುತ್ತಾರೆ. ದಡದಲ್ಲಿ ನಿಂತು ನಾನು ಎಷ್ಟು ದೂರ ಎಸೆದರೂ ಖಾಲಿ ಕೈ. ಇನ್ನೂ ದೂರ ಎಸೆಯಲು ಉದ್ದ ಕೋಲು ಕೊಳ್ಳಲೇ?
— ದೂರದೃಷ್ಟಿಯವನು

ಉತ್ತರ: ಆ ದೋಣಿಯವರು ಎಸೆಯುತ್ತಿರುವುದು ಎಲ್ಲಿಗೆ ಎಂದು ಒಮ್ಮೆ ನೋಡಿ. ಹೆಚ್ಚಿನ ಸಲ ದಡದತ್ತಲೇ, ನೀವು ನಿಂತ ಜಾಗದ ಪಕ್ಕಕ್ಕೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನೀವು ನಡುನೀರಿಗೆ ಎಸೆಯುತ್ತಿದ್ದೀರಿ.

ಸಣ್ಣ ಮೀನು, ಕಪ್ಪೆ, ಸಿಗಡಿ ಇರುವುದು ಅಂಚಿನಲ್ಲಿ, ಬೆಳಗಿನ ಹೊತ್ತು ಬಾಸ್ ಬೇಟೆಗೆ ಬರುವುದೂ ಅಲ್ಲಿಗೇ. ನೀವು ದಪದಪನೆ ನಡೆದುಬಂದು ನೀರಿನ ಬಾಯಿಗೆ ನಿಂತರೆ ನೆಲದ ಅದುರು ಮೀನಿನ ಪಕ್ಕದ ಸಂವೇದನಾ ರೇಖೆಗೆ ತಲುಪಿಬಿಡುತ್ತದೆ, ನೆರಳು ಬಿದ್ದರೆ ಕೇಳುವುದೇ ಬೇಡ. ನಾನು ಮೊದಲ ಎಸೆತವನ್ನು ನೀರಿನಿಂದ ನಾಲ್ಕೈದು ಮೀಟರ್ ಹಿಂದೆ ನಿಂತೇ ಹಾಕುತ್ತೇನೆ, ನೆರಳು ನನ್ನ ಹಿಂದೆ ಬೀಳುವಂತೆ. ಎರಡನೆಯದು ಎಡಕ್ಕೆ ದಡದುದ್ದಕ್ಕೂ, ಮೂರನೆಯದು ಬಲಕ್ಕೆ ದಡದುದ್ದಕ್ಕೂ. ದಡಕ್ಕೆ ಸಮನಾಗಿ ಎಳೆದ ಎರೆ ಪೂರ್ತಿ ದಾರಿ ಮೀನಿರುವ ಜಾಗದಲ್ಲೇ ಸಾಗುತ್ತದೆ. ನಡುನೀರಿಗೆ ಎಸೆದದ್ದು ಕೊನೆಯ ಎರಡು ಮೀಟರ್ ಮಾತ್ರ ಅಲ್ಲಿಗೆ ಬರುತ್ತದೆ, ಅಷ್ಟರಲ್ಲಿ ನೀವು ಬೇಸರದಿಂದ ಬೇಗಬೇಗ ಸುತ್ತಿಬಿಟ್ಟಿರುತ್ತೀರಿ.

ಅದೂ ಎಲ್ಲ ದಡವೂ ಒಂದೇ ಅಲ್ಲ. ಬಿದ್ದ ಮರ, ನೀರು ಒಳಬರುವ ತೂಬು, ಕಲ್ಲು ಮುಗಿದು ಮಣ್ಣು ಶುರುವಾಗುವ ಜಾಗ, ಕಳೆಗಿಡಗಳ ಅಂಚು, ನೀರಿಗೆ ಚಾಚಿದ ಮೂಲೆ ಇವುಗಳ ಬಳಿ ನಿಲ್ಲಿ. ಎರಡು ದಿನ ಒಂದೇ ಕಡೆಗೆ ಗಾಳಿ ಬೀಸಿದ್ದರೆ ಗಾಳಿ ಬಡಿಯುವ ದಡಕ್ಕೆ ಹೋಗಿ. ತೇಲುವ ಸೂಕ್ಷ್ಮಜೀವಿಗಳು ಅಲ್ಲಿಗೆ ಸೇರುತ್ತವೆ, ಅವುಗಳ ಹಿಂದೆ ಸಣ್ಣ ಮೀನು, ಅದರ ಹಿಂದೆ ಬಾಸ್. ಮುಖಕ್ಕೆ ಗಾಳಿ ಹೊಡೆಯುತ್ತದೆ ಎಂದು ನೀವು ಬಿಟ್ಟು ಹೋಗುವುದೂ ಅದೇ ದಡವನ್ನೇ.

ಉದ್ದ ಕೋಲು ಬೇಡ. ಆ ಹಣದಲ್ಲಿ ನೀರಿನ ಹೊಳಪು ಕತ್ತರಿಸುವ ಪೋಲರಾಯ್ಡ್ ಕನ್ನಡಕ ಕೊಳ್ಳಿ.

ಪ್ರಶ್ನೆ: ಎಸೆದಾಗ ಸುರುಳಿಯೇ ತಿರುಗುವ ಬೇಟ್‌ಕಾಸ್ಟಿಂಗ್ ರೀಲ್ ಕೊಂಡೆ. ಪ್ರತಿ ಎಸೆತಕ್ಕೂ ದಾರ ಸಿಕ್ಕುಸಿಕ್ಕಾಗಿ ಹಕ್ಕಿಗೂಡು. ಎಸೆದಾಗ ಸುರುಳಿ ತಿರುಗದ ಹಳೆಯ ಸ್ಪಿನ್ನಿಂಗ್ ರೀಲಿಗೆ ಹಿಂದಿರುಗಿದರೆ ಅವಮಾನವೇ?
— ಗೂಡು ಬಿಡಿಸುವವನು

ಉತ್ತರ: ಯಾವ ಅವಮಾನವೂ ಇಲ್ಲ. ನನ್ನ ಅರ್ಧಕ್ಕಿಂತ ಹೆಚ್ಚು ಮೀನು 2500 ಅಳತೆಯ ಸ್ಪಿನ್ನಿಂಗ್ ರೀಲಿನಿಂದಲೇ ಬಂದಿವೆ. ಏಳು ಗ್ರಾಮಿಗಿಂತ ಹಗುರ ಎರೆ ಎಸೆಯಲು ಅದೇ ಸರಿ. ಬೇಟ್‌ಕಾಸ್ಟಿಂಗ್ ರೀಲಿನ ಸುಖ ಇರುವುದು ಭಾರದ ಎರೆ, ದಪ್ಪ ದಾರ, ಗುರಿಯಿಟ್ಟ ಎಸೆತದಲ್ಲಿ. ಕಲಿಯುವ ಮನಸ್ಸಿದ್ದರೆ 14 ಗ್ರಾಮಿನ ಎರೆ ಕಟ್ಟಿ, ಪಕ್ಕದ ಗುಬುಟು ಬಿಗಿ ಮಾಡಿ. ಗುಂಡಿ ಒತ್ತಿದಾಗ ಎರೆ ನಿಧಾನವಾಗಿ ಇಳಿದು ನೆಲ ಮುಟ್ಟುವಾಗ ಸುರುಳಿಯೂ ನಿಲ್ಲಬೇಕು. ಎರೆ ನೀರಿಗೆ ಬೀಳುವ ಮುಂಚಿನ ಗಳಿಗೆ ಹೆಬ್ಬೆರಳು ಸುರುಳಿಯ ಮೇಲೆ ಇರಬೇಕು. ಗಾಳಿಗೆ ಎದುರಾಗಿ ಮಾತ್ರ ಕಲಿಯಬೇಡಿ.

ಪ್ರಶ್ನೆ: ಲಾರ್ಜ್‌ಮೌತ್, ಸ್ಮಾಲ್‌ಮೌತ್, ಪೀಕಾಕ್ ಬಾಸ್ ಇವುಗಳಲ್ಲಿ ಅತಿ ಗಟ್ಟಿಯಾಗಿ ಕಾದಾಡುವುದು ಯಾವುದು? ಗೆಳೆಯರಲ್ಲಿ ಜಗಳವಾಗಿದೆ.
— ಪಂಚಾಯತಿಗೆ ಬಂದವರು

ಉತ್ತರ: ಮೂರಕ್ಕೂ ಒಂದೇ ಸಾಲಿನಲ್ಲಿ ಓಟದ ಪಂದ್ಯ ಇಡಲಾಗದು. ಆದರೂ ಕೇಳಿದ್ದೀರಿ.

ದೊಡ್ಡದು ಲಾರ್ಜ್‌ಮೌತ್. 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದದ್ದು 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋಗಿಂತ ತುಸು ಹೆಚ್ಚು. 77 ವರ್ಷಗಳ ಬಳಿಕ, 2009ರ ಜುಲೈ 2ರಂದು, ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರಿಗೂ ಸಮಪಾಲು. ಸ್ಮಾಲ್‌ಮೌತ್ ದಾಖಲೆ 1955ರ, ಅಮೆರಿಕದ ಡೇಲ್ ಹಾಲೋ ಸರೋವರದ್ದು, 11 ಪೌಂಡ್ 15 ಔನ್ಸ್. ಹೆಚ್ಚುಕಡಿಮೆ ಅರ್ಧ. ಆದರೆ ಒಂದು ಕಿಲೋಗೆ ಒಂದು ಕಿಲೋ ಎಂದು ತೂಗಿದರೆ ಈ ಎರಡರಲ್ಲಿ ನನ್ನ ಮತ ಸ್ಮಾಲ್‌ಮೌತ್‌ಗೇ. ಹರಿವ ನೀರಿನಲ್ಲಿ ಮೈ ಬೆಳೆಸಿಕೊಂಡ ಮೀನು ಅದು, ಆಳಕ್ಕೆ ದುಮುಕುತ್ತದೆ, ನಡುವೆ ಗಾಳಿಗೂ ಹಾರುತ್ತದೆ. ದವಡೆಯ ಕೊನೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ಇಷ್ಟು ತಿಳಿದರೆ ನಿಮ್ಮ ಗೆಳೆಯರ ಅರ್ಧ ಜಗಳ ಮುಗಿದೀತು.

ಪೀಕಾಕ್ ಬಾಸ್ ಹೆಸರಿಗಷ್ಟೇ ಬಾಸ್. ಅಮೆಜಾನ್ ಕಡೆಯ, ಸಿಕ್ಲಿಡ್ ಎಂಬ ಕುಟುಂಬದ ಮೀನು, ತಿಲಾಪಿಯಾದ ದೂರದ ನೆಂಟ. ಬಾಲದ ಬುಡದಲ್ಲಿ ನವಿಲುಗಣ್ಣು ಇರುವುದರಿಂದ ಆ ಹೆಸರು. 1984ರಲ್ಲಿ ಫ್ಲಾರಿಡಾದವರು ಇದನ್ನು ತಂದು ಕಾಲುವೆಗಳಿಗೆ ಬಿಟ್ಟದ್ದು ತಿಲಾಪಿಯಾದಂಥ ಹೊರಗಿನ ಮೀನುಗಳನ್ನು ತಿನ್ನಲಿ ಎಂದು, ಅಂದರೆ ನೆಂಟರನ್ನು ಮುಗಿಸಲು ನೆಂಟನನ್ನೇ ಕರೆಸಿದ ಹಾಗೆ. ಹಗಲಿನ ಮೀನು, ರಾತ್ರಿ ಗಾಳಕ್ಕೆ ಬಾರದು, ಚಳಿ ನೀರು ತಾಳದು. ಕಾದಾಟದಲ್ಲಿ ಅದಕ್ಕೆ ಸಾಟಿಯಿಲ್ಲ ಎಂದು ಒಪ್ಪುತ್ತೇನೆ. ಅಮೆಜಾನಿನ ದೊಡ್ಡ ಜಾತಿಗೆ ಹೋಗುವವರು 50ರಿಂದ 65 ಪೌಂಡಿನ ಹೆಣೆದ ದಾರ ಸುತ್ತಿಕೊಂಡು ಹೋಗುವುದು ಸುಮ್ಮನೆ ಅಲ್ಲ. ಕೃತಕ ಎರೆಯ ಜೊತೆ ಬಂದ ಗಾಳ, ಉಂಗುರ ಎರಡನ್ನೂ ಕಿತ್ತು ದಪ್ಪ ಕಂಬಿಯವನ್ನು ಹಾಕಿಕೊಳ್ಳುತ್ತಾರೆ. ಇಲ್ಲದಿದ್ದರೆ ನೆಟ್ಟಗಾದ ಗಾಳ ಮನೆಗೆ ತರಬೇಕಾಗುತ್ತದೆ.

ಪ್ರಶ್ನೆ: ನಮ್ಮದು ನೀರಿನಿಂದ ಎತ್ತರದ ಕಲ್ಲು ದಡ. ಮೀನನ್ನು ಕೋಲಿನಿಂದಲೇ ಮೇಲೆತ್ತುವಾಗ ಕೋಲಿನ ತುದಿ ಮುರಿಯಿತು. ಹಿಡಿದ ಮೀನನ್ನು ಬಿಟ್ಟುಬಿಡುವವನು ನಾನು. ಸರಿಯಾದ ಕ್ರಮ ಯಾವುದು?
— ತುದಿ ಕಳೆದುಕೊಂಡವನು

ಉತ್ತರ: ಕೋಲಿನ ತಪ್ಪಿಲ್ಲ. ಮೀನು ಕಾಲಿನ ಬುಡದಲ್ಲಿರುವಾಗ ಕೋಲನ್ನು ತಲೆಯ ಹಿಂದಕ್ಕೆ ಎಳೆದರೆ ಭಾರವೆಲ್ಲ ತೆಳು ತುದಿಗೆ ಬೀಳುತ್ತದೆ, ಗಟ್ಟಿ ನಡುಭಾಗಕ್ಕೆ ಕೆಲಸವೇ ಇರುವುದಿಲ್ಲ. ಕಾರ್ಬನ್ ಕೋಲುಗಳು ಎಳೆತಕ್ಕೆ ಗಟ್ಟಿ, ಇಂಥ ಮಡಿಕೆಗೆ ಗಾಜು.

ಮೊದಲ ಎಸೆತಕ್ಕಿಂತ ಮುಂಚೆ ಮೀನನ್ನು ಎಲ್ಲಿ ಎತ್ತುತ್ತೀರಿ ಎಂದು ನೋಡಿಟ್ಟುಕೊಳ್ಳಿ. ದೋಣಿಯವರು ಮೀನಿನ ಹಿಂದೆ ಹೋಗಬಲ್ಲರು, ನಮಗೆ ಇರುವುದು ಕಾಲು. ಇಳಿಜಾರು ಇದ್ದಲ್ಲಿಗೆ ಮೀನನ್ನು ನಡೆಸಿಕೊಂಡು ಹೋಗಿ. ಇಲ್ಲದಿದ್ದರೆ ಉದ್ದ ಹಿಡಿಯ, ರಬ್ಬರ್ ಹೊದಿಸಿದ ಬಲೆ ಇಟ್ಟುಕೊಳ್ಳಿ. ಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ. ಮೀನಿನ ಹಿಂದೆ ಬಲೆ ಬೀಸಿದರೆ ಅದು ಮತ್ತೊಮ್ಮೆ ಓಡುತ್ತದೆ.

ಬಿಡುವವರಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಮೈಮೇಲಿನ ಲೋಳೆ ಅದರ ರಕ್ಷಾಕವಚ. ಬಿಸಿ ಕಲ್ಲಿನ ಮೇಲೆ, ಮರಳಿನ ಮೇಲೆ ಮಲಗಿಸಬೇಡಿ. ದೊಡ್ಡ ಮೀನನ್ನು ಕೆಳದವಡೆ ಹಿಡಿದು ಅಡ್ಡಡ್ಡಲಾಗಿ ಎತ್ತಿದರೆ ಇಡೀ ತೂಕ ದವಡೆಯ ಕೀಲಿಗೆ ಬೀಳುತ್ತದೆ. ಇನ್ನೊಂದು ಕೈ ಹೊಟ್ಟೆಯ ಕೆಳಗೆ ಇರಲಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವ ಕೆಲಸ ಗಳಿಗೆಯದ್ದು. ಗಂಟಲೊಳಗೆ ನುಂಗಿದ್ದನ್ನು ಕಿತ್ತು ತೆಗೆಯುವುದಕ್ಕಿಂತ ದಾರ ಕತ್ತರಿಸುವುದು ಲೇಸು. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಆಗ ತೆಳು ದಾರದಲ್ಲಿ ಹತ್ತು ನಿಮಿಷ ಆಡಿಸುವ ಶೋಕಿ ಬೇಡ. ಸೋತು ಸುಣ್ಣವಾದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಭಾರಿ ಸಲಕರಣೆಯ ಪರವಾಗಿ ನಾನು ಒಪ್ಪುವ ಒಳ್ಳೆಯ ಕಾರಣ ಇದು.

ಬಿಡುವುದೇ ಎಲ್ಲ ಕಡೆ ಸರಿ ಎಂದೂ ಇಲ್ಲ. ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳನ್ನು ತಿಂದ ಬೀವಾ ಸರೋವರದಲ್ಲಿ ಹಿಡಿದ ಬಾಸನ್ನು ನೀರಿಗೆ ಮರಳಿ ಬಿಡುವುದನ್ನೇ ನಿಷೇಧಿಸಿದ್ದಾರೆ. ನೀವು ನಿಲ್ಲುವ ನೀರಿನ ನಿಯಮ ಕೇಳಿಕೊಳ್ಳಿ. ಒಂದು ನೀರಿನ ಮೀನನ್ನು ಬಕೆಟ್ಟಿನಲ್ಲಿ ಇನ್ನೊಂದು ನೀರಿಗೆ ಸಾಗಿಸುವ ಕೆಲಸವನ್ನಂತೂ ಮಾಡಲೇಬೇಡಿ.

ಪ್ರಶ್ನೆ: ಹತ್ತು ವರ್ಷದ ಮಗಳು ನನ್ನ ಜೊತೆ ಬರುತ್ತೇನೆ ಎನ್ನುತ್ತಾಳೆ. ಅವಳಿಗೆ ಯಾವ ಕೋಲು?
— ಅಪ್ಪ

ಉತ್ತರ: ಐದೂವರೆ ಅಡಿಯ ಹಗುರ ಕೋಲು, ಸಣ್ಣ ಸ್ಪಿನ್ನಿಂಗ್ ರೀಲು, 6 ಪೌಂಡಿನ ನೈಲಾನ್, ಒಂದು ಬೆಂಡು, ಒಂದು ಎರೆಹುಳು. ಇಬ್ಬರಿಗೂ ಕನ್ನಡಕ, ಎಸೆಯುವಾಗ ಅವಳ ಹಿಂದೆ ನೀವು ನಿಲ್ಲಬೇಡಿ. ಮೊದಲ ದಿನ ಬೆರಳುದ್ದದ ಮೀನು ಬಿದ್ದರೂ ಅದನ್ನು ನೀವು ಎಳೆಯಬೇಡಿ, ಅವಳೇ ಎಳೆಯಲಿ. ನೀವು ನಿಮ್ಮ ಕೋಲನ್ನು ಮನೆಯಲ್ಲೇ ಬಿಟ್ಟು ಹೋದರೆ ಇನ್ನೂ ಒಳ್ಳೆಯದು.

ಕೊನೆಗೊಂದು ವಿನಂತಿ. ಹರಿದ ತುದಿಗಳನ್ನು ಕಳುಹಿಸುವವರು ದಯವಿಟ್ಟು ದಾರವನ್ನು ಮಾತ್ರ ಕಳುಹಿಸಿ. ಹೋದ ವಾರ ಯಾರೋ ಗಾಳದ ಸಮೇತ ಲಕೋಟೆಗೆ ಹಾಕಿದ್ದರು. ಗಂಟು ಚೆನ್ನಾಗಿತ್ತು, ಗಾಳವೂ ಹರಿತವಾಗಿತ್ತು, ನನ್ನ ಹೆಬ್ಬೆರಳು ಎರಡಕ್ಕೂ ಸಾಕ್ಷಿ.